ಸಾರೋಟು ಹೊಡೆದವನ ಹೆಸರು

ಕಾಗದ ಮೇಜಿನ ಮೇಲಿತ್ತು. ಮೇಲಿನರ್ಧ ಇಂಗ್ಲಿಷು, ಕೆಳಗಿನರ್ಧ ಅರಬಿ. ಲಾಯ್ಡ್ ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗೀಟು ಎಳೆದಿಟ್ಟಿದ್ದರು, ಎಲ್ಲಿ ಅವನ ಕೈ ದಾರಿ ತಪ್ಪೀತೋ ಎಂಬಂತೆ.

“ಓದಿದ್ರಾ?” ಎಂದರು ಕೃಷ್ಣಪ್ಪ. ಮಂಡ್ಯದ ಕಡೆಯವರು, ಕಂಪನಿಯ ಮ್ಯಾನೇಜರು. ದನಿ ಎತ್ತಿ ಮಾತಾಡುವ ಜನ ಅಲ್ಲ. ಕತ್ತು ಕುಯ್ಯುವಾಗಲೂ ಕಾಲರು ಸರಿಪಡಿಸಿಯೇ ಕುಯ್ಯುತ್ತಾರೆ ಎಂದು ಅಬುಧಾಬಿಯ ಕಾರ್ಖಾನೆ ಪ್ರದೇಶ ಮುಸಫ್ಫಾದಲ್ಲಿ ಹೆಸರಾದವರು.

ಲಾಯ್ಡ್ ಎರಡು ಸಲ ಓದಿದ್ದ. ‘ಮಂಗಳವಾರ ಬೆಳಗ್ಗೆ ಹನ್ನೊಂದೂ ಹತ್ತಕ್ಕೆ ಕಾರ್ಮಿಕನೊಬ್ಬ ಯಾರ ಅನುಮತಿಯೂ ಇಲ್ಲದೆ, ತಮಾಷೆಗಾಗಿ, ಪ್ರದರ್ಶನದ ಸಾರೋಟನ್ನು ಹತ್ತಿದ. ಅದು ಅಲುಗಾಡುತ್ತಿರುವಾಗ ತಾನಾಗಿಯೇ ಕೆಳಕ್ಕೆ ಹಾರಿದ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ಇಷ್ಟೇ. ಒಬ್ಬ ಮನುಷ್ಯನ ತಲೆಬುರುಡೆ ಒಡೆದ ಕತೆ ಮೂರು ಸಾಲಿನಲ್ಲಿ ಮುಗಿದಿತ್ತು.

“ಒಂದು ಗಂಟೆಗೆ ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕು ನೀವು. ಹನ್ನೆರಡರೊಳಗೆ ಇದು ನನ್ನ ಕೈಗೆ ಬಂದ್ರೆ ಸೀಲು ಹಾಕಿಸಿಕೊಡ್ತೀನಿ,” ಎಂದರು ಕೃಷ್ಣಪ್ಪ.

“ಸರ್, ಅವ ಹಾರಿದ್ದಲ್ಲ.”

ಕೃಷ್ಣಪ್ಪ ಡ್ರಾಯರ್ ಎಳೆದು ಇನ್ನೊಂದು ಕಾಗದ ತೆಗೆದರು. ಅದು ಮಂಗಳವಾರದ ಸುರಕ್ಷತಾ ಫಾರ್ಮು. ‘ಸಾರೋಟಿನ ಭಾರ ಪರೀಕ್ಷೆ: ಮರಳು ಮೂಟೆ ಇಟ್ಟು ಮಾಡಲಾಯಿತು. ಸುರಕ್ಷಿತ.’ ಕೆಳಗೆ ಲಾಯ್ಡ್‌ನದೇ ಸಹಿ. ಸಮಯ, ಬೆಳಗ್ಗೆ ಆರೂ ಮುಕ್ಕಾಲು.

ಮುಸಫ್ಫಾದ ವರ್ಕ್‌ಶಾಪುಗಳ ಪದ್ಧತಿ ಅದು. ಫಾರ್ಮು ತುಂಬಿಸಲು ಹಗಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಸೂಪರ್‌ವೈಸರು ಬೆಳಗ್ಗೆ ಚಾ ಕುಡಿಯುವ ಮೊದಲೇ, ಇಡೀ ದಿನ ಏನೇನು ಎಷ್ಟೆಷ್ಟು ಸುರಕ್ಷಿತವಾಗಿ ನಡೆಯಿತು ಎಂದು ಬರೆದು ಸಹಿ ಹಾಕಿ ಮುಗಿಸುವುದು. ಸೂಪರ್‌ವೈಸರಾಗಿ ಲಾಯ್ಡ್ ಏಳು ವರ್ಷ ದಿನಾ ಹಾಕಿದ್ದ. ಏಳು ವರ್ಷ ದೇವರು ಆ ಸುಳ್ಳನ್ನು ಸಂಜೆಯೊಳಗೆ ನಿಜ ಮಾಡಿಕೊಟ್ಟಿದ್ದ. ಮೊನ್ನೆ ದೇವರಿಗೂ ಪುರುಸೊತ್ತಿರಲಿಲ್ಲ.

“ಅವನು ಹಾರಿದ ಅಂದ್ರೆ ಎಲ್ರಿಗೂ ಒಳ್ಳೇದು. ಹಾರ್ಲಿಲ್ಲ ಅಂದ್ರೆ ಈ ಫಾರ್ಮು ಸುಳ್ಳು ಅಂತಾಯ್ತು. ಸುಳ್ಳು ಬರೆದೋರು ಯಾರು? ನಾನಂತೂ ಅಲ್ಲ.” ಕೃಷ್ಣಪ್ಪ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು, ಅಂಚು ಸಮ ಮಾಡಿದರು. “ದುಬೈ ಕುಸೈಸಲ್ಲಿ ಫ್ಯಾಮಿಲಿ ಇಟ್ಕೊಂಡಿದೀರಿ. ಮಗಳು ಯಾವ ಕ್ಲಾಸು?”

“ಐದನೇದು.”

“ಜಾಣೆ ಅಂತಾರೆ. ಹೋಗಿ, ಯೋಚನೆ ಮಾಡಿ.”

ಲಾಯ್ಡ್ ಮೆಟ್ಟಿಲಿಳಿದು ವರ್ಕ್‌ಶಾಪಿಗೆ ಬಂದ. ನಡುಮಧ್ಯೆ ಆ ಸಾರೋಟು ನಿಂತಿತ್ತು. ಮೇಲೆ ನೀಲಿ ಟಾರ್ಪಾಲು. ಕೆಳಗಿನ ಸಿಮೆಂಟು ನೆಲವನ್ನು ಮಂಗಳವಾರ ಸಂಜೆಯೇ ಉಜ್ಜಿ ತೊಳೆದು, ಅಷ್ಟೇ ಭಾಗಕ್ಕೆ ಹೊಸ ಬೂದು ಬಣ್ಣ ಬಳಿದಿದ್ದರು. ಇಡೀ ವರ್ಕ್‌ಶಾಪಿನಲ್ಲಿ ಚೊಕ್ಕಟವಾದ ಜಾಗ ಅದೊಂದೇ.

ಫ್ರಾನ್ಸಿನ ಒಬ್ಬ ಯುವರಾಜನ ಬದುಕಿನ ಬಗ್ಗೆ ಅಬುಧಾಬಿಯ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಪ್ರದರ್ಶನ. ಬರುವ ಆದಿತ್ಯವಾರ ಉದ್ಘಾಟನೆ. ಯುವರಾಜನ ಹೆಸರು ಫರ್ಡಿನಾಂಡ್ ಫಿಲಿಪ್. ಅದರ ಹಿಂದೆ ಇನ್ನೂ ನಾಲ್ಕು ಹೆಸರುಗಳ ಬಾಲ. ಹದಿನಾರು ಗೋಡೆಫಲಕ, ನಾಲ್ಕು ಗಾಜಿನ ಪೆಟ್ಟಿಗೆ ಮತ್ತು ಯುವರಾಜ ಸಾಯುವ ದಿನ ಕೂತಿದ್ದಂಥ ಸಾರೋಟು, ಇವನ್ನೆಲ್ಲ ಮಾಡಿಕೊಡುವ ಕೆಲಸ ಇವರ ಕಂಪನಿಯದು. ಸಾರೋಟು ಸುಮ್ಮನೆ ನಿಂತರೆ ಸಾಲದು. ಅಡಿಯಲ್ಲೊಂದು ಮೋಟಾರು, ಬಟನ್ ಒತ್ತಿದರೆ ಕುದುರೆ ಕೆರಳಿ ಓಡಿದಂತೆ ಗಾಡಿ ಎತ್ತಿ ಕುಕ್ಕಬೇಕು. ಒಳಗೆ ಯುವರಾಜನ ಗೊಂಬೆ ಕೂರುತ್ತದೆ.

ಫಲಕದ ಅಕ್ಷರ ಕತ್ತರಿಸುವ ಮೊದಲು ಲಾಯ್ಡ್ ಓದಿ ನೋಡಬೇಕಿತ್ತು. ಓದಿದ್ದನ್ನು ಹತ್ತು ಗಂಟೆಯ ಚಾಕ್ಕೆ ಹುಡುಗರಿಗೆ ಹೇಳುತ್ತಿದ್ದ. ಯಕ್ಷಗಾನದ ಪ್ರಸಂಗದಂತೆ ದಿನಕ್ಕೊಂದು ಫಲಕ. ಎಲ್ಲರಿಗಿಂತ ಮುಂದೆ ಕೂರುತ್ತಿದ್ದವನು ಚನಿಯ, ಬೆಳ್ತಂಗಡಿ ಕಡೆಯ ಬಡಗಿ. ಶನಿವಾರ ಹುಟ್ಟಿದ್ದಕ್ಕೆ ಚನಿಯ; ಅವನ ಅಪ್ಪ ಆದಿತ್ಯವಾರ ಹುಟ್ಟಿದ್ದಕ್ಕೆ ಐತ. ಆ ಕೇರಿಯವರಿಗೆ ಪಂಚಾಂಗ ನೋಡಿ ಹೆಸರಿಡಲು ಯಾವ ಭಟ್ಟರೂ ಬರುತ್ತಿರಲಿಲ್ಲ. ವಾರವೇ ಹೆಸರು.

“ಒಬ್ಬನಿಗೇ ಆರು ಹೆಸರಾ ಲಾಯ್ಡಣ್ಣ? ಒಂದು ನಂಗೆ ಕೊಡ್ಲಿಕ್ಕೆ ಹೇಳಿ,” ಎಂದಿದ್ದ.

ರಾಜವಂಶದವನಾದರೂ ಯುವರಾಜನನ್ನು ಸಾಮಾನ್ಯರ ಮಕ್ಕಳ ಜೊತೆ ಶಾಲೆಗೆ ಹಾಕಿದರಂತೆ ಎಂದಾಗ ಚನಿಯ ತಲೆದೂಗಿದ. ಪ್ಯಾರಿಸಿಗೆ ಕಾಲರಾ ಬಂದಾಗ ಅವ ಆಸ್ಪತ್ರೆಗೆ ಹೋಗಿ ರೋಗಿಗಳ ಹಾಸಿಗೆ ಬಳಿ ನಿಂತನಂತೆ ಎಂದಾಗ, “ಜನ ಒಳ್ಳೆಯವ,” ಎಂದ. ಒಂಬತ್ತನೇ ಫಲಕ ಬಂದಾಗ ಪಿಕಪ್ ಡ್ರೈವರು ಮೊಯ್ದಿನಬ್ಬ ಬಾಯಿ ಹಾಕಿದ. ಇಪ್ಪತ್ತಾರು ವರ್ಷದಿಂದ ಕಂಪನಿಯಲ್ಲಿರುವ ಕರಾವಳಿಯ ಬ್ಯಾರಿ ಮುಸಲ್ಮಾನ. ಅವನ ನಾಲಿಗೆಗೆ ಕಂಪನಿಯೂ ಹೆದರುತ್ತದೆ.

“ಎಂತ ಬರೆದಿದ್ದಾರೆ ಅದರಲ್ಲಿ, ಪೊರ್ಬುಗಳೇ?” ಊರ ಕಡೆ ಕ್ರಿಸ್ತರನ್ನು ಕರೆಯುವುದು ಹಾಗೆ.

“‘ಅಲ್ಜೀರಿಯಾದಲ್ಲಿ ಸೈನಿಕ ಸೇವೆ.’ ಎರಡೇ ಸಾಲು.”

“ಸೇವೆ,” ಎಂದ ಮೊಯ್ದಿನಬ್ಬ. “ಅರಬರ ಊರಿಗೆ ಫಿರಂಗಿ ತೆಕ್ಕೊಂಡು ಹೋದದ್ದಕ್ಕೆ ಅರಬರ ಊರಲ್ಲೇ ಸೇವೆ ಅಂತ ಬೋರ್ಡು. ನಾವೂ ಸೇವೆಗೇ ಬಂದದ್ದಲ್ವಾ? ನಮಗೆ ಬೋರ್ಡು ಯಾವಾಗ?”

ಕೊನೆಯ ಕತೆ ಹದಿನಾಲ್ಕನೇ ಫಲಕದ್ದು. ೧೮೪೨ರ ಜುಲೈ ಹದಿಮೂರು. ಯುವರಾಜನಿಗೆ ಮೂವತ್ತೊಂದು ವರ್ಷ. ದಂಡಿನ ಶಿಬಿರಕ್ಕೆ ಹೊರಡುವ ಮೊದಲು ಮನೆಯವರಿಗೆ ಹೇಳಿ ಬರೋಣವೆಂದು ಹೊರಟ. ದಾರಿಯಲ್ಲಿ ಕುದುರೆಗಳು ಕೆರಳಿದವು. ‘ಕುದುರೆ ಹಿಡಿಯಲಾಗುವುದಿಲ್ಲವೇ?’ ಎಂದು ಕೇಳಿದನಂತೆ. ‘ಹಿಡಿಯಲಾಗುತ್ತಿಲ್ಲ, ದಾರಿಗೆ ತರುತ್ತಿದ್ದೇನೆ,’ ಎಂದನಂತೆ ಗಾಡಿ ಹೊಡೆಯುವವ. ಯುವರಾಜ ಎದ್ದು ನಿಂತ. ಮರುಕ್ಷಣ ರಸ್ತೆಯ ಮೇಲಿದ್ದ, ತಲೆ ಒಡೆದು. ಹತ್ತಿರದ ಒಬ್ಬ ದಿನಸಿ ವ್ಯಾಪಾರಿಯ ಮನೆಗೆ ಎತ್ತಿಕೊಂಡು ಹೋದರು. ರಾಜ, ರಾಣಿ, ಮಂತ್ರಿ ಎಲ್ಲ ಆ ಅಂಗಡಿಗೆ ಬಂದು ನಿಂತಿರುವಾಗ, ಚಾಪೆಹಾಸಿಗೆಯ ಮೇಲೆ ಪ್ರಾಣ ಹೋಯಿತು.

“ದಿನಸಿ ಅಂಗಡಿಯಾ? ಹಾಗಾದ್ರೆ ನಮ್ಮ ಬ್ಯಾರಿಯವನೇ ಇರ್ಬೇಕು,” ಎಂದ ಮೊಯ್ದಿನಬ್ಬ. ಎಲ್ಲರೂ ನಕ್ಕರು.

ಚನಿಯ ಮಾತ್ರ ನಗಲಿಲ್ಲ. “ಅಣ್ಣ, ಗಾಡಿ ಹೊಡೆದವ ಎಂತಾದ? ಅವನ ಹೆಸರೆಂತ?”

“ಕುದುರೆ ಸ್ವಲ್ಪ ಮುಂದೆ ಹತೋಟಿಗೆ ಬಂತಂತೆ. ಹೆಸರು ಬರೆದಿಲ್ಲ.”

“ಯುವರಾಜ ಬಿದ್ದದ್ದಾ, ಹಾರಿದ್ದಾ?”

ಅದನ್ನೂ ಬರೆದಿರಲಿಲ್ಲ. ಹದಿನಾಲ್ಕನೇ ಫಲಕದಲ್ಲಿ ಆ ಜಾಗ ಖಾಲಿ ಬಿಟ್ಟಿತ್ತು. ಪ್ರದರ್ಶನದ ಉಸ್ತುವಾರಿಗೆ ಪ್ಯಾರಿಸಿನಿಂದ ಬಂದಿದ್ದ ಮದಾಂ ಒದೀಲ್, ಈ ಒಂದು ಸಂಗತಿ ಖಚಿತ ಮಾಡಿಕೊಳ್ಳಲು ಪತ್ರಾಗಾರಕ್ಕೆ ಮೂರು ಸಲ ಬರೆದು ಕಾಯುತ್ತಿದ್ದರು.

ಇದು ಸೋಮವಾರದ ಮಾತು. ಮಂಗಳವಾರ ಬೆಳಗ್ಗೆ ಗೊಂಬೆಯ ತೂಕದ ಮರಳು ಮೂಟೆ ಇಟ್ಟು ಗಾಡಿ ಓಡಿಸಿ ನೋಡಬೇಕಿತ್ತು. ಮೂಟೆಗಳು ಬೇರೆ ಸೈಟಿಗೆ ಹೋದ ಲಾರಿಯಲ್ಲೇ ಉಳಿದಿದ್ದವು. ಸುತ್ತ ನೂರು ಮೈಲಿ ಮರಳುಗಾಡು. ವರ್ಕ್‌ಶಾಪಿನಲ್ಲಿ ಮೂಟೆ ತುಂಬ ಮರಳಿಲ್ಲ. ಮದಾಂ ಹನ್ನೊಂದೂವರೆಗೆ ಬರುವವರಿದ್ದರು. ಕೃಷ್ಣಪ್ಪ ಫೋನಿನಲ್ಲಿ ಹೇಳಿದರು, “ಯಾರನ್ನಾದ್ರೂ ಕೂರಿಸ್ರೀ. ಹತ್ತು ನಿಮಿಷದ ಕೆಲಸ.”

ಫೋನಿನಲ್ಲಿ ಹೇಳಿದ್ದಕ್ಕೆ ಸಹಿ ಇರುವುದಿಲ್ಲ.

“ಚನಿಯ, ನೀನೆಷ್ಟು ಕಿಲೋ?” ಕೇಳಿದವನು ಲಾಯ್ಡ್. ಬೇರೆ ಯಾರೂ ಅಲ್ಲ.

“ಅರವತ್ತೇಳು ಅಣ್ಣ.”

ಸರಿಯಾದ ತೂಕ. ಯಾರೋ ಗೊಂಬೆಯ ಜರಿ ಟೊಪ್ಪಿ ತಂದು ಅವನ ತಲೆಗಿಟ್ಟರು. ಇನ್ಯಾರೋ “ಯುವರಾಜರಿಗೆ ಜಯವಾಗಲಿ” ಎಂದರು. ಚನಿಯ ಮೀಸೆ ಇಲ್ಲದ ಕಡೆ ಮೀಸೆ ತಿರುವಿದ. ಲಾಯ್ಡ್‌ನೂ ನಕ್ಕ. ನಗುತ್ತಲೇ ಬಟನ್ ಒತ್ತಿದ. ಒಂದು, ಎರಡು. ಮೂರನೇ ವೇಗಕ್ಕೆ ತಿರುಗಿಸಿದಾಗ ಬಾಗಿಲಿನ ಕೊಂಡಿ ಕಳಚಿತು. ಚನಿಯನ ಎರಡೂ ಕೈ ಸೀಟಿನ ಅಂಚು ಹಿಡಿದದ್ದು, ಬಾಯಿ “ಅಣ್ಣ” ಎಂದದ್ದು, ಗಾಡಿ ಅವನನ್ನು ಕೊಡವಿ ಎಸೆದದ್ದು, ಎಲ್ಲ ಲಾಯ್ಡ್ ಕಂಡ. ಕೆಂಪು ಬಟನ್ ಒತ್ತಿದ. ಮೋಟಾರು ನಿಲ್ಲಲು ನಾಲ್ಕು ಸೆಕೆಂಡು ತೆಗೆದುಕೊಂಡಿತು.

ಬುಧವಾರ ಸಂಜೆ ಆಸ್ಪತ್ರೆಗೆ ಹೋದಾಗ ಚನಿಯನಿಗೆ ಪ್ರಜ್ಞೆ ಬಂದಿತ್ತು. ತಲೆಗೆ ಆಪರೇಶನ್ ಆಗಿತ್ತು. ಬಲಗೈ ಹಾಸಿಗೆ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಬಡಗಿಯ ಬಲಗೈ. ತೊದಲುತ್ತ ಕೇಳಿದ, “ಅಣ್ಣ, ನಾನು ಹಾರಿದ್ದಂತಾ? ಆಫೀಸಿನವರು ಬಂದು ಹೇಳಿದ್ರು. ನಂಗೆ ನೆನಪಿಲ್ಲ.” ಮತ್ತೆ, “ಹಾರಿದ್ದಾದ್ರೆ ತಪ್ಪು ನಂದೇ ಅಲ್ವಾ? ಊರಿಗೆ ಕಳಿಸ್ತೇವೆ ಅಂದ್ರು,” ಎಂದ.

ಬಡವನ ಕೈ ಮುರಿದರೆ ಸಾಲದು, ನೆನಪನ್ನೂ ಮುರಿದು ತಮಗೆ ಬೇಕಾದಂತೆ ಜೋಡಿಸಿ ಕೊಡುತ್ತಾರೆ. ಲಾಯ್ಡ್ ಬಾಯಿ ತೆರೆದ. ನರ್ಸು ಬಂದು ಹೊತ್ತಾಯಿತೆಂದಳು. ಆ ನೆವ ಸಿಕ್ಕಿದ್ದೇ ಸಾಕೆಂದು ಹೊರಟು ಬಂದ.

ಈಗ ಗುರುವಾರ ಹನ್ನೊಂದು ಗಂಟೆ. ಟಾರ್ಪಾಲಿನ ಪಕ್ಕ ನಿಂತು ಕ್ಲಾರಾಳಿಗೆ ಫೋನು ಮಾಡಿದ. ಹೆಂಡತಿ ದುಬೈಯ ಒಂದು ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಡೆಸ್ಕಿನಲ್ಲಿದ್ದಾಳೆ. ಕಾಗದದಲ್ಲಿ ಬರೆದದ್ದನ್ನು ಓದಿ ಹೇಳಿದ.

“‘ತಾನಾಗಿ’ ಅಂತ ಉಂಟಾ?” ಎಂದಳು.

“ಉಂಟು.”

“ಹಾಗಾದ್ರೆ ಅವನ ಫೈಲು ಬಂದ್ ಆಗ್ತದೆ. ತಾನೇ ಮಾಡಿಕೊಂಡದ್ದು ಅಂತ ನಮ್ಮಲ್ಲೊಂದು ಕೋಡ್ ಉಂಟು. ಅದು ಹಾಕಿದ ಮೇಲೆ ಫಿಸಿಯೋಥೆರಪಿ ಇಲ್ಲ, ಪರಿಹಾರ ಇಲ್ಲ, ಖಲಾಸ್. ವೀಲ್‌ಚೇರಲ್ಲಿ ಏರ್‌ಪೋರ್ಟಿಗೆ. ನಾನೇ ಎಷ್ಟು ಜನಕ್ಕೆ ಹಾಕಿದ್ದೇನೆ ಆ ಕೋಡು.”

“ಫಾರ್ಮಲ್ಲಿ ನನ್ನ ಸಹಿ ಉಂಟು ಕ್ಲಾರಾ. ನಿಜ ಹೇಳಿದ್ರೆ ಕೇಸು ನನ್ನ ಮೇಲೆ. ವೀಸಾ ಹೋಗ್ತದೆ. ನಿಮ್ಮಿಬ್ಬರದ್ದೂ ನನ್ನ ವೀಸಾದಲ್ಲೇ ಉಂಟು.”

“ಗೊತ್ತುಂಟು. ಶೆರಿಲ್‌ನ ಶಾಲೆ ನೆನಪು ಮಾಡುವುದಿಲ್ಲ ನಾನು. ಸಹಿ ಹಾಕು ಅಂತಲೂ ಹೇಳುವುದಿಲ್ಲ, ಹಾಕಬೇಡ ಅಂತಲೂ ಹೇಳುವುದಿಲ್ಲ.” ಹಿಂದಿನಿಂದ ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. “ಆದ್ರೆ ಸಹಿ ಹಾಕಿ ಬಂದ್ರೆ ರಾತ್ರಿ ರೋಜರಿ ಪ್ರಾರ್ಥನೆಗೆ ನನ್ನ ಪಕ್ಕ ಮೊಣಕಾಲೂರಬೇಡ. ನಾನು ಬೇರೆ ಕೋಣೆಯಲ್ಲಿ ಮಾಡಿಕೊಳ್ತೇನೆ.” ಫೋನು ಇಟ್ಟಳು.

ಅಷ್ಟು ಹೊತ್ತಿಗೆ ಮದಾಂ ಒದೀಲ್ ಬಂದರು. ಮುಖ ಅರಳಿತ್ತು. ಕೈಯಲ್ಲಿ ಹದಿನಾಲ್ಕನೇ ಫಲಕದ ಅಂತಿಮ ಬರಹ.

“ಉತ್ತರ ಬಂತು ಲಾಯ್ಡ್. ಯುವರಾಜ ಹಾರಿದನೆಂದು ಕೆಲವರು ಬರೆದಿದ್ದಾರೆ, ಗಾಡಿ ಎಸೆಯಿತೆಂದು ಕೆಲವರು. ಗಾಡಿ ಹೊಡೆಯುವವನ ಬೆನ್ನು ಯುವರಾಜನ ಕಡೆಗಿತ್ತು, ಅವನು ಕಂಡಿರಲಾರ. ನೂರೆಪ್ಪತ್ತಮೂರು ವರ್ಷದ ಮೇಲೆ ಕೂತು ನಾವು ಅವನು ಹಾರಿದ ಎಂದು ಹೇಗೆ ಹೇಳುವುದು? ಎರಡನ್ನೂ ಬರೆಯೋಣ. ಸತ್ತವನಿಗೆ ಅಷ್ಟು ನ್ಯಾಯವಾದರೂ ಬೇಕು.”

ಲಾಯ್ಡ್ ಕಾಗದ ತೆಗೆದುಕೊಂಡ. ಗಾಡಿ ಹೊಡೆದವನ ಹೆಸರು ಇದೆಯೇ ಎಂದು ಹುಡುಕಿದ.

“ಅವನ ಹೆಸರು?”

“ದಾಖಲೆಯಲ್ಲಿ ಹುಡುಕಿದರೆ ಸಿಕ್ಕೀತು. ಫಲಕದಲ್ಲಿ ಜಾಗವಿಲ್ಲ.” ಮದಾಂ ಟಾರ್ಪಾಲಿನ ಕಡೆ ನೋಡಿ ದನಿ ತಗ್ಗಿಸಿದರು. “ನಿಮ್ಮ ಆ ಹುಡುಗ ಹೇಗಿದ್ದಾನೆ? ತಮಾಷೆಗೆ ಹಾರಿದನಂತೆ. ಪಾಪ.”

“ಯಾರು ಹೇಳಿದರು ಮದಾಂ?”

“ಕೃಷ್ಣಪ್ಪನವರು ಮೇಲ್ ಕಳಿಸಿದ್ದರು.”

“ಒಂದು ಮೇಲ್,” ಎಂದ ಲಾಯ್ಡ್. “ಯುವರಾಜನಿಗಾಗಿ ಮೂರು ಪತ್ರ ಬರೆದಿರಿ.”

ಮದಾಂ ಒದೀಲರ ಮುಖ ಕಿವಿಯವರೆಗೆ ಕೆಂಪೇರಿತು. ಏನೋ ಹೇಳಹೊರಟು, ಅದು ತನ್ನ ವಿಭಾಗಕ್ಕೆ ಬರುವುದಿಲ್ಲ ಎಂದಷ್ಟೇ ಹೇಳಿ, ಗಾಜಿನ ಪೆಟ್ಟಿಗೆಗಳನ್ನು ನೋಡಲು ಹೊರಟುಹೋದರು. ಕೆಟ್ಟ ಹೆಂಗಸಲ್ಲ. ಲೋಕದಲ್ಲಿ ಮುಕ್ಕಾಲು ಅನ್ಯಾಯವನ್ನು ನಡೆಸುವವರು ಕೆಟ್ಟವರಲ್ಲ, ವಿಭಾಗದವರು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಲಾಯ್ಡ್ ಮೆಟ್ಟಿಲು ಹತ್ತಿದ. ಕೃಷ್ಣಪ್ಪ ಪೆನ್ನಿನ ಕ್ಯಾಪು ತೆಗೆದು ಚಾಚಿದರು.

“ನಾನು ಅಲ್ಲಿಯೇ ಹೇಳ್ತೇನೆ ಸರ್.”

“ಅಲ್ಲಿ ಎಲ್ಲ ಅರಬಿಯಲ್ಲಿ ಬರ್ಕೊಳ್ತಾರೆ. ಕಾಗದ ಇದ್ರೆ ಸಲೀಸು.” ಕೃಷ್ಣಪ್ಪ ಅವನ ಮುಖವನ್ನೇ ನೋಡಿದರು. ಮೊದಲ ಸಲ ಅವರ ಕಣ್ಣಿನಲ್ಲಿ ಸಣ್ಣ ಹೆದರಿಕೆ ಹಾದುಹೋಯಿತು. “ಏನು ಹೇಳ್ತೀರಿ?”

“ನಾನು ಕಂಡದ್ದು.”

“ನೋಡಪ್ಪಾ, ನಾನೂ ಕೂಲಿಯೋನೇ. ಮೇಲಿನೋರು ಕೇಳಿದ್ದಕ್ಕೆ ಬರೆದೆ. ಜೈಲು ಗೀಲು ಅಂತಾದ್ರೆ ಕಂಪನಿ ವಕೀಲ ಬರೋಲ್ಲ, ತಿಳ್ಕೊಳ್ಳಿ.” ಅವರು ಫಾರ್ಮನ್ನು ಮಡಚಿ ಲಕೋಟೆಗೆ ಹಾಕಿ ಗೋಂದು ಹಚ್ಚಿದರು. “ಇದನ್ನ ಈಗಲೇ ಮೊಯ್ದಿನಬ್ಬನ ಕೈಲಿ ಕೊಟ್ಟು ಕಳಿಸ್ತೀನಿ. ನಿಮಗಿಂತ ಮೊದಲು ಅದು ಒಳಗೆ ಹೋಗುತ್ತೆ.”

ಹೀಗೆ ಲಾಯ್ಡ್‌ನೂ ಲಾಯ್ಡ್‌ನ ಸುಳ್ಳೂ ಒಂದೇ ಪಿಕಪ್ಪಿನಲ್ಲಿ ಸ್ಟೇಷನ್ನಿಗೆ ಹೊರಟರು. ಲಕೋಟೆ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲು ಕಾಯುತ್ತಿತ್ತು. ಮೊಯ್ದಿನಬ್ಬ ಎರಡು ಸಿಗ್ನಲ್ ದಾಟಿಸಿದ. ಮಂಗಳವಾರ ಅವನೂ ವರ್ಕ್‌ಶಾಪಿನ ಬಾಗಿಲಲ್ಲೇ ನಿಂತಿದ್ದ. ಟೊಪ್ಪಿ ತಂದು ಇಟ್ಟದ್ದು ಅವನೇ ಇರಬೇಕು, ಲಾಯ್ಡ್ ಕೇಳಿರಲಿಲ್ಲ.

“ಟೊಪ್ಪಿ ನಾನೇ ಇಟ್ಟದ್ದು ಪೊರ್ಬುಗಳೇ,” ಎಂದ ಮೊಯ್ದಿನಬ್ಬ, ರಸ್ತೆ ನೋಡುತ್ತ.

“ಗೊತ್ತುಂಟು ಬ್ಯಾರಿಗಳೇ.”

“ಮೂರು ತಿಂಗಳಲ್ಲಿ ನಂದು ವೀಸಾ ಕ್ಯಾನ್ಸಲ್. ಇಪ್ಪತ್ತಾರು ವರ್ಷದ ಸರ್ವಿಸಿನ ದುಡ್ಡು ಬರಲಿಕ್ಕುಂಟು. ಮಗಳು ಶಾಹಿನಳ ನಿಕಾಹ್ ಗೊತ್ತಾಗಿದೆ. ಹಾಗಾಗಿ ನಾನು ಒಳಗೆ ಬರುವುದಿಲ್ಲ. ನೀವು ತಪ್ಪು ತಿಳೀಬಾರದು.”

“ಇಲ್ಲ.”

“ತಿಳಿದ್ರೂ ಬರುವುದಿಲ್ಲ.”

ಸ್ಟೇಷನ್ನಿನ ಮುಂದೆ ಲಾಯ್ಡ್ ಇಳಿದ. ಲಕೋಟೆಯನ್ನು ತಾನೇ ಕೈಗೆತ್ತಿಕೊಂಡ. ಹರಿದು ಹಾಕಬಹುದಿತ್ತು; ಕಸದ ಡಬ್ಬಿ ಬಾಗಿಲ ಬಳಿಯೇ ಇತ್ತು. ಹರಿದರೆ ಮೊಯ್ದಿನಬ್ಬ ಸಿಕ್ಕಿಬೀಳುತ್ತಿದ್ದ. ಹಾಗೇ ಒಳಗೆ ಒಯ್ದ.

ತನಿಖಾಧಿಕಾರಿ ಎಳೆಯ ವಯಸ್ಸಿನ ಅರಬ. ಹಿಂದಿ ಬಲ್ಲ ದುಭಾಷಿ ಪಕ್ಕದಲ್ಲಿ. ಅಧಿಕಾರಿ ಕುರ್ಚಿ ತೋರಿಸಿ, ಲಕೋಟೆ ಒಡೆದು, ಫಾರ್ಮು ನೋಡಿದ.

“ಮರಳು ಮೂಟೆ ಇಟ್ಟು ಪರೀಕ್ಷೆ ಆಯಿತು ಎಂದಿದೆ. ಸಹಿ ನಿಮ್ಮದೋ?” ದುಭಾಷಿ ಕೇಳಿದ.

“ನನ್ನದೇ. ಅದು ಸುಳ್ಳು. ಬೆಳಗ್ಗೆಯೇ ಬರೆದಿಟ್ಟದ್ದು. ಮೂಟೆ ಇರಲಿಲ್ಲ. ಮೂಟೆಯ ಬದಲು ಅವನನ್ನು ಕೂರಿಸಿದೆವು.”

ದುಭಾಷಿ ಅನುವಾದ ಮಾಡುವುದನ್ನು ನಿಲ್ಲಿಸಿ ಲಾಯ್ಡ್‌ನ ಮುಖ ನೋಡಿದ. “ಭಾಯಿ, ಯೋಚನೆ ಮಾಡಿ ಹೇಳುತ್ತಿದ್ದೀಯಲ್ಲ?” ಎಂದು ತಾನೇ ಕೇಳಿದ. ಲಾಯ್ಡ್ ತಲೆಯಾಡಿಸಿದ. ಅನುವಾದವಾಯಿತು. ಅಧಿಕಾರಿಯ ಪೆನ್ನು ಓಡತೊಡಗಿತು.

“ಅವನನ್ನು ಕೂರಿಸಲು ಹೇಳಿದವರು?”

“ಮ್ಯಾನೇಜರು, ಫೋನಿನಲ್ಲಿ. ಅವನನ್ನೇ ಆರಿಸಿದ್ದು ನಾನು.”

“ಅವನು ಹಾರಿದನೋ?”

“ಇಲ್ಲ. ಎರಡೂ ಕೈಯಲ್ಲಿ ಸೀಟು ಹಿಡಿದಿದ್ದ. ಬಾಗಿಲ ಕೊಂಡಿ ಕಳಚಿತು. ಗಾಡಿ ಎಸೆಯಿತು. ನನ್ನ ಮುಖ ಅವನ ಕಡೆಗೇ ಇತ್ತು.”

“ಗಾಡಿ ಓಡಿಸುತ್ತಿದ್ದದ್ದು ಯಾರು?”

ಸೋಮವಾರದಿಂದ ಅವನ ಬೆನ್ನು ಹತ್ತಿದ್ದ ಪ್ರಶ್ನೆ ಕೊನೆಗೂ ಎದುರು ಬಂದು ಕೂತಿತ್ತು. “ನಾನು. ಲಾಯ್ಡ್ ಡಿಸೋಜ. ವ್ಯಾಲೆಂಟೈನ್ ಡಿಸೋಜರ ಮಗ. ಊರು ಮೂಡುಬೆಳ್ಳೆ.” ಅಧಿಕಾರಿ ಊರಿನ ಹೆಸರು ಎರಡು ಸಲ ಕೇಳಿ ಬರೆದುಕೊಂಡ.

“ಪಾಸ್‌ಪೋರ್ಟು?”

“ಕಂಪನಿಯ ಹತ್ತಿರ ಉಂಟು.”

ಅಧಿಕಾರಿ ಅದನ್ನೂ ಬರೆದ, ಸ್ವಲ್ಪ ಒತ್ತಿ; ಕಂಪನಿ ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಕೇಸು ಮುಗಿಯುವವರೆಗೆ ದೇಶ ಬಿಡುವಂತಿಲ್ಲ ಎಂದ. ಆಮೇಲೆ ಇದನ್ನು ಕಂಡವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಲಾಯ್ಡ್ ಮೇಜಿನ ಅಂಚು ನೋಡುತ್ತ ಕೂತ. ಶಾಹಿನಳ ನಿಕಾಹ್, ಮೂರು ತಿಂಗಳು, ಇಪ್ಪತ್ತಾರು ವರ್ಷ. ಇನ್ನೊಬ್ಬರ ತೂಕವನ್ನು ಗಾಡಿಗೆ ಹಾಕುವ ಹಕ್ಕು ತನಗಿಲ್ಲ. ಒಮ್ಮೆ ಹಾಕಿ ಆಗಿದೆ.

“ಅವರನ್ನೇ ಕೇಳಬೇಕು,” ಎಂದ.

ಹಿಂದೆ ಬಾಗಿಲು ಕಿರುಗುಟ್ಟಿತು. ಮೊಯ್ದಿನಬ್ಬ ಕರ್ಚೀಫಿನಿಂದ ಕುತ್ತಿಗೆ ಒರೆಸುತ್ತ ಬಂದು ಗೋಡೆಬದಿಯ ಬೆಂಚಿನಲ್ಲಿ ಕೂತ.

“ಪಿಕಪ್ಪಿನ ಎಸಿ ಹೋಯ್ತು,” ಎಂದ ಯಾರಿಗೋ ಎಂಬಂತೆ. ಬರುವಾಗ ಎಸಿ ಚಳಿ ಹುಟ್ಟಿಸುವಷ್ಟು ಬೀಸುತ್ತಿತ್ತು. ಆಮೇಲೆ ದುಭಾಷಿಯ ಕಡೆ ತಿರುಗಿ, “ಟೊಪ್ಪಿಯ ವಿಷಯ ಬರೆದಾಯ್ತಾ? ಅದು ನನ್ನ ಹತ್ತಿರ ಕೇಳ್ಬೇಕು,” ಎಂದ.

ಅಧಿಕಾರಿ ಬರೆದ ಹಾಳೆಯನ್ನು ದುಭಾಷಿ ಲಾಯ್ಡ್‌ನ ಮುಂದೆ ತಳ್ಳಿ ಪೆನ್ನು ಕೊಟ್ಟ. ಸಹಿಯ ಜಾಗದಲ್ಲಿ ಇಲ್ಲಿ ಗೀಟು ಇರಲಿಲ್ಲ. ಲಾಯ್ಡ್‌ನ ಕೈ ಏಳು ವರ್ಷದ ಅಭ್ಯಾಸದಿಂದ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲಿ ತಡೆದ.

“ಮೊದಲು ಓದಿ ಹೇಳಿ.”

ದುಭಾಷಿ ಗಡಿಯಾರ ನೋಡಿ ಓದತೊಡಗಿದ. ಎರಡನೇ ಸಾಲಿನಲ್ಲಿ ‘ಕಾರ್ಮಿಕನೊಬ್ಬ’ ಎಂದು ಬಂತು.

“ಅಲ್ಲಿ ಹೆಸರು ಹಾಕಿ,” ಎಂದ ಲಾಯ್ಡ್. “ಚನಿಯ. ಅಪ್ಪನ ಹೆಸರು ಐತ.”

“ಮನೆತನದ ಹೆಸರು?”

“ಅಷ್ಟೇ ಇರುವುದು. ಅಷ್ಟನ್ನೂ ಹಾಕಿ.”

ಅಧಿಕಾರಿ ‘ಕಾರ್ಮಿಕನೊಬ್ಬ’ ಎಂಬುದನ್ನು ಹೊಡೆದುಹಾಕಿ, ಮೇಲೆ ಎರಡು ಹೆಸರು ಬರೆದ. ದುಭಾಷಿ ಮುಂದಿನ ಸಾಲಿಗೆ ಹೋದ. ಲಾಯ್ಡ್ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಪೆನ್ನು ಎತ್ತಿಕೊಂಡ.